ಹಸಿರು ಶಾಯಿಯ ಇಪ್ಪತ್ತಮೂರು ಕಾರ್ಡು

"ಕೇಳಿದ್ವಿ ಅನ್ನೋ ಮಾತು ಯಾರ ಬಾಯಲ್ಲೂ ಬರಕೂಡದು" ಎಂದು ಹೆಸ್ಟರ್ ಮೂರು ತಿಂಗಳಿಂದ ಎಲ್ಲರ ತಲೆಗೂ ತುಂಬಿದ್ದಳು. ಸೈಕಲ್ ಸಂಘದ ನಲವತ್ತು ಜನರನ್ನು ಒಬ್ಬೊಬ್ಬರನ್ನಾಗಿ ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ, ಟೀ ಕೊಟ್ಟು, ಪಾಠ ಒಪ್ಪಿಸಿಕೊಂಡಿದ್ದಳು. ಎಷ್ಟು ವರ್ಷದಿಂದ ಆ ಓಣಿಯಲ್ಲಿ ಹೋಗುತ್ತಿದ್ದಿರಿ? ಯಾರಾದರೂ ತಡೆದರೇ? ಯಾರನ್ನಾದರೂ ಕೇಳಿದಿರಾ? ಕೊನೆಯ ಪ್ರಶ್ನೆಗೆ ಎಲ್ಲರೂ ಒಂದೇ ಉತ್ತರ ಕೊಡಬೇಕು: ಇಲ್ಲ, ಯಾಕೆ ಕೇಳಬೇಕು, ಎಲ್ಲರೂ ಹೋಗುವ ದಾರಿ ತಾನೆ, ಹೋದೆವು.

ಇಂಗ್ಲಿಷರ ಆ ದೇಶದ ಕಾನೂನೇ ಹಾಗಿದೆ. ಒಬ್ಬರ ಜಮೀನಿನ ಮೇಲಿನ ದಾರಿಯಲ್ಲಿ ಊರ ಜನ ಇಪ್ಪತ್ತು ವರ್ಷ ಬಲವಂತ ಮಾಡದೆ, ಕದ್ದುಮುಚ್ಚಿ ಹೋಗದೆ, ಅಪ್ಪಣೆಯನ್ನೂ ಕೇಳದೆ ಓಡಾಡಿದ್ದರೆ, ಆ ದಾರಿ ಎಂದೆಂದಿಗೂ ಊರಿನದು. ಅಪ್ಪಣೆ ಕೇಳಿದಿರೋ, ಮುಗಿಯಿತು. ಅದು ಯಜಮಾನ ತೋರಿಸಿದ ದಾಕ್ಷಿಣ್ಯ, ನಾಳೆ ಬೇಕಾದರೆ ಬೇಡ ಅನ್ನಬಹುದು. ಸುಮ್ಮನೆ ಸವಾರಿ ಮಾಡಿಕೊಂಡು ಹೋದವನಿಗೆ ಹಕ್ಕು, ನಯವಾಗಿ ಕೇಳಿ ಹೋದವನ ಕೈಗೆ ಚಿಪ್ಪು. ಮಾತಿಗೆ ಮುಂಚೆ ‘ಕ್ಷಮಿಸಿ’, ಮಾತಾದ ಮೇಲೆ ‘ಥ್ಯಾಂಕ್ಸ್’ ಅನ್ನದೆ ಬಸ್ಸಿನಿಂದಲೂ ಇಳಿಯದ ಜನ ಇಂಥ ಕಾನೂನನ್ನು ಯಾವ ಮುಹೂರ್ತದಲ್ಲಿ ಮಾಡಿಕೊಂಡರೋ ದೇವರೇ ಬಲ್ಲ.

ಓಣಿಯ ಹೆಸರು ಸಾಲ್ಟರ್ಸ್ ಓಣಿ. ಹಿಂದೆ ಉಪ್ಪಿನ ವ್ಯಾಪಾರಿಗಳು ಕುದುರೆ ಹೊಡೆದುಕೊಂಡು ಹೋಗುತ್ತಿದ್ದ ಎರಡು ಮೈಲಿ ಜಲ್ಲಿಮಣ್ಣಿನ ದಾರಿ, ಎರಡೂ ಕಡೆ ಹಾಥಾರ್ನ್ ಮುಳ್ಳುಗಿಡದ ಬೇಲಿ, ನಡುವೆ ಗಾರ್ಬೆಟ್‌ರ ಹೊಲಮನೆಯ ಅಂಗಳ. ಶ್ರಾಪ್‌ಶೈರ್ ಜಿಲ್ಲೆಯ ಆ ಮೂಲೆಯಲ್ಲಿ ಹಳೆಯ ಗಿರಣಿಯಿಂದ ವಿಸ್ಟನ್‌ಹೋಪ್ ಊರಿಗೆ ಲಾರಿಗಳ ಕಾಟವಿಲ್ಲದೆ ಬರಲು ಅದೊಂದೇ ಹಾದಿ. ಹೆಸ್ಟರ್ ಮತ್ತು ಅವಳ ಗಂಡ ರೋಲಂಡ್ ಅಲ್ಲಿ ಸೈಕಲ್ ತುಳಿಯಲು ಶುರುಮಾಡಿದಾಗ ದಪ್ಪ ಟೈರಿನ ಆ ಸೈಕಲ್ಲಿಗೆ ಗ್ರ್ಯಾವೆಲ್ ಬೈಕ್ ಎಂಬ ಹೆಸರೂ ಹುಟ್ಟಿರಲಿಲ್ಲ. ಸಂಘ ಕಟ್ಟಿದವನು ರೋಲಂಡ್. ನಕ್ಷೆ ಬರೆದು, ಪತ್ರ ವ್ಯವಹಾರ ನೋಡಿಕೊಂಡು ಸಂಘ ನಡೆಸಿದವಳು ಹೆಸ್ಟರ್. ಅವಳು ಗುರುತು ಹಾಕಿದ ಹದಿನೆಂಟು ಸುತ್ತುಹಾದಿಗಳಲ್ಲಿ ಹನ್ನೊಂದು ಈ ಓಣಿಯನ್ನು ಹಾದೇ ಹೋಗುತ್ತಿದ್ದವು.

ಕ್ಲೆಮ್ ಗಾರ್ಬೆಟ್ ಸತ್ತ ಮೇಲೆ ಅವನ ಹೆಂಡತಿ ಡಿಲಿಸ್ 2022ರ ಜನವರಿಯಲ್ಲಿ ಹೊಲಮನೆ ಮಾರಿ, ಊರೊಳಗಿನ ಚಿಕ್ಕ ಮನೆಗೆ ಬಂದಳು. ಕೊಂಡುಕೊಂಡ ಸ್ಟ್ಯಾಂಡಿಶ್ ಎಂಬಾತ ಮಾರ್ಚಿನಲ್ಲಿ ಓಣಿಯ ಎರಡೂ ತುದಿಗೆ ಗೇಟು ಹಾಕಿ ಬೀಗ ಜಡಿದ. ಸಂಘದವರೆಲ್ಲ ಗೊಣಗಿಕೊಂಡು ಮುಖ್ಯರಸ್ತೆ ಹಿಡಿದರು. ಅಕ್ಟೋಬರ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಆ ರಸ್ತೆಯ ಗಿರಣಿ ತಿರುವಿನಲ್ಲಿ, ಮರದ ದಿಮ್ಮಿ ಹೊತ್ತ ಲಾರಿಯ ಹಿಂದಿನ ಗಾಲಿಗೆ ರೋಲಂಡ್ ಸಿಕ್ಕಿಕೊಂಡ. ಹೆಸ್ಟರ್ ಅವನಿಗಿಂತ ಹತ್ತು ಮಾರು ಹಿಂದೆ ಇದ್ದಳು.

ಅಂದಿನಿಂದ ಅವಳಿಗಿದ್ದುದು ಒಂದೇ ಕೆಲಸ. ಓಣಿ ತೆರೆಯಬೇಕು. ಇನ್ನೊಬ್ಬರು ಆ ತಿರುವಿನಲ್ಲಿ ಸಾಯಬಾರದು. ಎರಡೂವರೆ ವರ್ಷ ಅರ್ಜಿ, ಸಾಕ್ಷಿ, ನಕ್ಷೆ ಎಂದು ಹಗಲಿಡೀ ಅದರಲ್ಲೇ ಇದ್ದು, ಕೊನೆಗೆ ಈ ಮೇ ತಿಂಗಳಿಗೆ ಊರ ಸಭಾಭವನದಲ್ಲಿ ವಿಚಾರಣೆ ನಿಗದಿಯಾಗಿತ್ತು.

ವಿಚಾರಣಾಧಿಕಾರಿ ಬಟಾಟೆಯಂಥ ಬೋಳುತಲೆಯ ಸಾಧು ಮನುಷ್ಯ. ಮಡಚುವ ಮೇಜಿನ ಹಿಂದೆ ಕೂತು, ಹೇಳಿದ್ದನ್ನೆಲ್ಲ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದ. ಸ್ಟ್ಯಾಂಡಿಶ್ ಬಂದಿರಲಿಲ್ಲ. ಅವನ ಪರವಾಗಿ ಮಿಸ್ ಟ್ರೆಂಚ್ ಎಂಬ ವಕೀಲೆ ಬಂದಿದ್ದಳು. ಎಳೆ ವಯಸ್ಸು, ಮೆಲುದನಿ, ಪ್ರತಿ ಸಾಕ್ಷಿಗೂ ಕೊನೆಯಲ್ಲಿ ಥ್ಯಾಂಕ್ಸ್ ಹೇಳಿಯೇ ಕೂರುತ್ತಿದ್ದಳು. ಬೆಳಗಿನಿಂದ ಹದಿನೇಳು ಸಾಕ್ಷಿಗಳಾಗಿದ್ದರು, ಒಬ್ಬರೂ ಎಡವಿರಲಿಲ್ಲ. "ಹೋದ್ವಿ, ಅಷ್ಟೇ" ಎಂದು ಕಸಾಯಿಯವನು ಹೇಳಿದ. "ಯಾರನ್ನ ಕೇಳ್ಬೇಕಿತ್ತು?" ಎಂದು ಪಶುವೈದ್ಯೆ ಕೇಳಿದಳು. ಹೆಸ್ಟರ್ ಪಕ್ಕದಲ್ಲಿ ಕೂತಿದ್ದ ಬ್ರೈಸ್ ಪ್ರಾಬರ್ಟ್, ಸಂಘದ ಹಳೆಯ ಸವಾರ, ಬಾಯಿಗೆ ಬಿಡುವು ಕೊಟ್ಟವನಲ್ಲ, ಅವಳ ಕಡೆ ವಾಲಿ ಪಿಸುಗುಟ್ಟಿದ:

"ಗಿಣಿಗಳಿಗೆ ಪಾಠ ಚೆನ್ನಾಗೇ ಮಾಡಿದ್ದೀಯ ಕಣೇ. ನನಗೇ ಒಂದ್ಸಲ ನಂಬಿಕೆ ಬಂದುಬಿಡ್ತು."

"ನಿಜಾನೇ ಹೇಳ್ತಿದ್ದಾರೆ. ಬಾಯಿ ಮುಚ್ಚು" ಎಂದಳು ಹೆಸ್ಟರ್.

"ಮುಚ್ಚಿದೆ. ಮುಂದೆ ಯಾರು?"

"ಡಿಲಿಸ್."

ಡಿಲಿಸ್ ಅವಳ ತುರುಪು. ಓಣಿಯ ಹಳೆಯ ಒಡತಿಯೇ ಬಂದು, ನಲವತ್ತು ವರ್ಷ ನನ್ನ ಅಂಗಳದಲ್ಲಿ ಜನ ಓಡಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದರೆ ಎದುರಿನವರು ಇನ್ನೇನು ಹೇಳಿಯಾರು? ಎಂಬತ್ತನಾಲ್ಕು ವರ್ಷದ ಮುದುಕಿ, ಕಿವಿ ಸ್ವಲ್ಪ ಮಂದ, ಮನಸ್ಸು ಅಪ್ಪಟ ಬೆಣ್ಣೆ. ಬೀಗ ಹಾಕುವವನಿಗೆ ಜಮೀನು ಮಾರಿದೆನಲ್ಲ ಎಂದು ರೋಲಂಡನ ಶವಸಂಸ್ಕಾರದ ದಿನ ಹೆಸ್ಟರಳ ಕೈ ಹಿಡಿದು ಅತ್ತವಳು. ಹಿಂದಿನ ದಿನ ಫೋನಿನಲ್ಲಿ "ನಾನೇನಾದ್ರೂ ತರ್ಲಾ ಮಗಳೇ?" ಎಂದು ಕೇಳಿದ್ದಳು. "ಏನೂ ಬೇಡ ಡಿಲಿಸ್, ನೀವು ಬಂದ್ರೆ ಸಾಕು, ಕಂಡದ್ದನ್ನ ಹೇಳಿದ್ರೆ ಸಾಕು" ಎಂದಿದ್ದಳು ಹೆಸ್ಟರ್.

ಡಿಲಿಸ್ ಚರ್ಚಿಗೆ ಹಾಕಿಕೊಳ್ಳುವ ನೀಲಿ ಕೋಟು ತೊಟ್ಟು ಬಂದು ಕುರ್ಚಿಯಲ್ಲಿ ಕೂತಳು. ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸೊಗಸಾಗಿ ಹೇಳಿದಳು. ಸೈಕಲ್ಲಿನವರು, ಕುದುರೆಯವರು, ನಾಯಿ ಹಿಡಿದವರು. ಯಾರನ್ನೂ ಕ್ಲೆಮ್ ತಡೆದವನಲ್ಲ. ಗೇಟಿಗೆ ಬೀಗ ಇರಲಿಲ್ಲ, ಕೊಕ್ಕೆ ಇತ್ತು. ಹೆಸ್ಟರಳ ಎದೆ ಹಗುರಾಯಿತು. ಎರಡೂವರೆ ವರ್ಷದಲ್ಲಿ ಮೊದಲ ಸಲ, ಗೆದ್ದೆವು ಎಂದು ಅವಳಿಗೆ ಅನ್ನಿಸಿತು.

ಆಗ ಡಿಲಿಸ್ ಕೈಚೀಲದಿಂದ ಬಿಸ್ಕತ್ತಿನ ಡಬ್ಬಿಯೊಂದನ್ನು ಹೊರತೆಗೆದಳು.

"ಸುಮ್ನೆ ನನ್ನ ಬಾಯಿಮಾತು ನಂಬಿ ಅಂತ ಹೇಳಲ್ಲ ಸಾರ್. ಪುರಾವೇನೂ ತಂದಿದ್ದೀನಿ" ಎಂದಳು, ಅಧಿಕಾರಿಯ ಮುಖ ನೋಡಿ ನಗುತ್ತ. "ಇಪ್ಪತ್ತು ವರ್ಷಕ್ಕೂ ಮೇಲಾಯ್ತು ಇವ್ರು ಬರೋಕೆ ಶುರುಮಾಡಿ. ಪ್ರತಿ ಕ್ರಿಸ್‌ಮಸ್ಸಿಗೂ ಕಾರ್ಡು. ಒಂದು ವರ್ಷಾನೂ ತಪ್ಪಿಸಿಲ್ಲ. ಎಣಿಸಿ ಬೇಕಾದ್ರೆ."

ಮುಚ್ಚಳ ತೆಗೆದಾಗ ಹೆಸ್ಟರಳಿಗೆ ದೂರದಿಂದಲೇ ಹಸಿರು ಶಾಯಿ ಕಾಣಿಸಿತು. ಹಸಿರು ಶಾಯಿಯಲ್ಲಿ ಕ್ರಿಸ್‌ಮಸ್ ಕಾರ್ಡು ಬರೆಯುವವರು ಆ ಊರಿಗೇ ಒಬ್ಬಳು, ತಾನೇ.

ಅವು ಪೂರ್ತಿ ಕಾರ್ಡುಗಳಲ್ಲ, ಅರ್ಧರ್ಧ. ಚಿತ್ರವಿದ್ದ ಮುಂದಿನ ಅರ್ಧವನ್ನು ಕತ್ತರಿಸಿ ಮುಂದಿನ ವರ್ಷದ ಉಡುಗೊರೆಗೆ ಕಟ್ಟುವ ಚೀಟಿ ಮಾಡಿಕೊಳ್ಳುವುದು, ಬರಹವಿದ್ದ ಅರ್ಧದ ಬೆನ್ನಿಗೆ ಸಂತೆಯ ಸಾಮಾನಿನ ಪಟ್ಟಿ ಗೀಚುವುದು. ಅಲ್ಲಿನ ಹಳೆಯ ಹೆಂಗಸರೆಲ್ಲ ಮಾಡುವುದೇ ಅದು, ಯಾರೂ ಕಾರ್ಡು ಬಿಸಾಡುವವರಲ್ಲ. ಹೆಸ್ಟರ್ ಪ್ರತಿ ಡಿಸೆಂಬರ್ ಮೊದಲ ವಾರ ಮೇಜಿನ ಮುಂದೆ ಕೂತು ಅರವತ್ತು ಕಾರ್ಡು ಬರೆಯುತ್ತಿದ್ದಳು. ರೇಡಿಯೋ ಹಾಡುತ್ತಿತ್ತು, ಕೈ ಬರೆಯುತ್ತಿತ್ತು. ಹಾಲಿನವನಿಗೆ ಹಾಲಿಗೆ ಥ್ಯಾಂಕ್ಸ್, ವೈದ್ಯರಿಗೆ ಮದ್ದಿಗೆ ಥ್ಯಾಂಕ್ಸ್. ಗಾರ್ಬೆಟ್‌ರಿಗೆ ಏನು ಬರೆಯುತ್ತಿದ್ದೆ? ನೆನಪಿರಲಿಲ್ಲ. ನೆನಪಿಡುವಂಥದ್ದು ಎಂದು ಯಾರಿಗಾದರೂ ಅನ್ನಿಸುತ್ತದೆಯೇ?

ಮಿಸ್ ಟ್ರೆಂಚ್ ಮೆಲ್ಲಗೆ ಎದ್ದಳು. "ನಾನು ಒಂದನ್ನ ಓದ್ಬಹುದಾ ಮಿಸೆಸ್ ಗಾರ್ಬೆಟ್?"

"ಅಯ್ಯೋ, ಧಾರಾಳವಾಗಿ ಓದಮ್ಮ. ಹಿಂದ್ಗಡೆ ಇರೋದನ್ನ ಓದ್ಬೇಡ, ಅದು ಸಂತೆ ಪಟ್ಟಿ, ಮೊಟ್ಟೆ, ಬೇಕನ್ ಮಾಂಸ." ಸಭೆ ನಕ್ಕಿತು. ಹೆಸ್ಟರ್ ನಗಲಿಲ್ಲ.

ವಕೀಲೆ ಓದಿದಳು. "2000, ಡಿಸೆಂಬರ್. ‘ಪ್ರಿಯ ಕ್ಲೆಮ್ ಮತ್ತು ಡಿಲಿಸ್, ನಮ್ಮ ಸೈಕಲ್ ಸಂಘಕ್ಕೆ ನಿಮ್ಮ ಅಂಗಳದ ಮೂಲಕ ಹೋಗಲು ಬಿಟ್ಟಿದ್ದಕ್ಕೆ ತುಂಬಾ ಕೃತಜ್ಞತೆಗಳು. ಬರುವ ವರ್ಷವೂ ನಿಮ್ಮ ಅಭ್ಯಂತರ ಇಲ್ಲವೆಂದು ನಂಬಿದ್ದೇವೆ. ಪ್ರೀತಿಯಿಂದ, ರೋಲಂಡ್ ಮತ್ತು ಹೆಸ್ಟರ್.’" ಅವಳು ತಲೆಯೆತ್ತಿದಳು. "ಇದಕ್ಕೆ ನೀವು ಉತ್ತರ ಬರೀತಿದ್ರಾ?"

"ಬರೀದೆ ಇರ್ತೀವಾ? ನಮಗೂ ರೀತಿನೀತಿ ಗೊತ್ತು. ಪ್ರತಿ ವರ್ಷ ನಮ್ಮ ಕಾರ್ಡಲ್ಲಿ ಬರೀತಿದ್ದೆ. ಯಾವಾಗ ಬೇಕಾದ್ರೂ ಬನ್ನಿ, ಗೇಟೊಂದು ಭದ್ರವಾಗಿ ಹಾಕ್ಕೊಂಡು ಹೋಗಿ ಅಂತ." ಡಿಲಿಸ್ ಹೆಸ್ಟರಳ ಕಡೆ ತಿರುಗಿ, ನೋಡಿದೆಯಾ ಹೇಗೆ ಹೇಳಿದೆ ಎನ್ನುವ ಹಾಗೆ ತಲೆಯಾಡಿಸಿದಳು. "ಕಳ್ಳರ ಹಾಗೆ ನುಗ್ಗಿದವರಲ್ಲ ಸಾರ್ ಇವ್ರು. ಎಷ್ಟು ಮರ್ಯಾದಸ್ಥರು ಅಂತ ನಿಮಗೆ ಗೊತ್ತಾಗ್ಲಿ ಅಂತಾನೇ ತಂದೆ."

ಸಭಾಭವನದಲ್ಲಿ ಪಾಠ ಕಲಿತ ನಲವತ್ತು ಜನರಿದ್ದರು. ನಲವತ್ತು ಜನಕ್ಕೂ ಏನಾಯಿತೆಂದು ಗೊತ್ತಾಯಿತು. ಅಧಿಕಾರಿಯ ಪೆನ್ಸಿಲ್ ಮಾತ್ರ ಓಡುತ್ತಿತ್ತು.

ಬ್ರೈಸ್ ಬಾಯಿಗೆ ಕೈ ಅಡ್ಡ ಹಿಡಿದು ಹೇಳಿದ: "ರೋಲಂಡ್ ಬರೆದ ಅಂತ ಹೇಳು. ಅವನು ಬರೀ ಸದಸ್ಯ, ಕಾರ್ಯದರ್ಶಿ ನೀನು. ಅವನೇ ತನ್ನ ಪಾಡಿಗೆ ಬರೆದಿದ್ರೆ ಅದು ಅವನೊಬ್ಬನ ಉಪಚಾರ, ಸಂಘಕ್ಕೆ ಅಂಟಲ್ಲ. ಓಣಿ ಉಳಿಯುತ್ತೆ. ಹೇಳೇ."

"ಅವನ ಜನ್ಮದಲ್ಲಿ ಒಂದು ಕಾರ್ಡು ಬರೆದವನಲ್ಲ."

"ಅದು ನಿನಗೆ ಗೊತ್ತು, ನನಗೆ ಗೊತ್ತು. ಆ ಬೋಳುತಲೆಗೆ ಗೊತ್ತಾ?"

ಅಧಿಕಾರಿ ಅವಳನ್ನು ಕರೆದೇಬಿಟ್ಟ. ಹೆಸ್ಟರ್ ಎದ್ದು ಮುಂದೆ ಹೋಗಿ ನಿಂತಳು. ಅವಳು ಬದುಕಿನಲ್ಲಿ ಸುಳ್ಳೇ ಹೇಳಿದವಳಲ್ಲ ಎಂದರೆ ಅದು ಅತಿಯಾದೀತು, ಆದರೆ ಪ್ರಮಾಣ ಮಾಡಿ ಸುಳ್ಳು ಹೇಳಿದವಳಲ್ಲ. ಗಿರಣಿ ತಿರುವು ಕಣ್ಣ ಮುಂದೆ ಬಂತು. ಆ ಭಾನುವಾರ ರಸ್ತೆಯ ಮೇಲೆ ತಿರುಗುತ್ತಲೇ ಇದ್ದ ಸೈಕಲ್ಲಿನ ಮುಂದಿನ ಗಾಲಿ ಕಣ್ಣ ಮುಂದೆ ಬಂತು. ರೋಲಂಡ್ ಇದ್ದಿದ್ದರೆ ನಕ್ಕು, ಹಾಕು ನನ್ನ ತಲೆಗೇ ಹಾಕು, ನಾನೇನು ಇಲ್ಲಿ ಕೇಳುತ್ತಾ ಕೂತಿರುತ್ತೀನಾ ಅನ್ನುತ್ತಿದ್ದ. ಹಾಗೆಂದು ಅವಳು ತನಗೆ ತಾನೇ ಹೇಳಿಕೊಂಡಳು.

"ಈ ಕಾರ್ಡುಗಳನ್ನು ಬರೆದವರು ಯಾರು?" ಎಂದ ಅಧಿಕಾರಿ.

"ನನ್ನ ಗಂಡ."

"ಎಲ್ಲವನ್ನೂ?"

"ಎಲ್ಲವನ್ನೂ. ಅವನ ಸ್ವಭಾವ ಹಾಗಿತ್ತು, ಎಲ್ಲರಿಗೂ ಬರೀತಿದ್ದ. ಸಂಘದ ಪರವಾಗಿ ಅಲ್ಲ. ನನಗೆ ಗೊತ್ತೂ ಇರ್ಲಿಲ್ಲ." ಅವಳ ದನಿ ನಡುಗಲಿಲ್ಲ. ಅದನ್ನು ಕೇಳಿ ಅವಳಿಗೇ ದಿಗಿಲಾಯಿತು. ಡಿಲಿಸ್ ಕಿವಿಯ ಹಿಂದೆ ಕೈ ಇಟ್ಟುಕೊಂಡು, ಹುಬ್ಬು ಗಂಟಿಕ್ಕಿ ಅವಳನ್ನೇ ನೋಡುತ್ತಿದ್ದಳು.

ಅಧಿಕಾರಿ ಬರೆದುಕೊಂಡ. ಬ್ರೈಸ್ ಉಸಿರು ಬಿಟ್ಟದ್ದು ಕೇಳಿಸಿತು. ಮಿಸ್ ಟ್ರೆಂಚ್ ಡಬ್ಬಿಯಲ್ಲಿದ್ದ ಕಾರ್ಡುಗಳನ್ನು ಒಂದೊಂದಾಗಿ ತಿರುವಿ ಹಾಕುತ್ತಿದ್ದಳು. ಅಡಿಯಲ್ಲಿದ್ದುದನ್ನು ತೆಗೆದಳು, ನೋಡಿದಳು. ಇನ್ನೊಮ್ಮೆ ನೋಡಿದಳು. ಅವಳ ಮುಖದಲ್ಲಿ ಗೆದ್ದ ಹಿಗ್ಗೇನೂ ಇರಲಿಲ್ಲ. ಅದೊಂದನ್ನು ಕತ್ತರಿಸಿರಲಿಲ್ಲ. ಹಿಮದ ಮೇಲೆ ಕೂತ ರಾಬಿನ್ ಹಕ್ಕಿಯ ಚಿತ್ರ ಹಾಗೆಯೇ ಇತ್ತು, ಬೆನ್ನಿಗೆ ಮೊಟ್ಟೆಯೂ ಇಲ್ಲ, ಬೇಕನ್ನೂ ಇಲ್ಲ.

"ಕ್ಷಮಿಸಿ" ಎಂದಳು. "ಇದೊಂದನ್ನ ಓದ್ಲೇಬೇಕು ನಾನು. ‘ಪ್ರಿಯ ಡಿಲಿಸ್, ನಮ್ಮ ಸಂಘಕ್ಕೆ ಎಂದಿನಂತೆ ದಾರಿ ಬಿಟ್ಟಿದ್ದಕ್ಕೆ ಕೃತಜ್ಞತೆಗಳು. ಹೊಸ ವರ್ಷ ಸುಖವಾಗಿರಲಿ. ಪ್ರೀತಿಯಿಂದ, ರೋಲಂಡ್ ಮತ್ತು ಹೆಸ್ಟರ್.’ ದಿನಾಂಕ, 2022ರ ಡಿಸೆಂಬರ್ ಐದು."

ಯಾರದೋ ಕೈಯಿಂದ ಚಮಚ ಬಿದ್ದು, ಸಭಾಭವನದ ಹಲಗೆ ನೆಲದ ಮೇಲೆ ಉರುಳುತ್ತ ಹೋಯಿತು.

ಡಿಸೆಂಬರ್ ಐದು. ರೋಲಂಡನನ್ನು ಮಣ್ಣು ಮಾಡಿ ಏಳನೇ ವಾರ. ಓಣಿಗೆ ಬೀಗ ಬಿದ್ದು ಒಂಬತ್ತನೇ ತಿಂಗಳು. ಹೆಸ್ಟರಳಿಗೆ ಆ ದಿನದ್ದೇನೂ ನೆನಪಿಲ್ಲ. ಮೇಜಿನ ಮುಂದೆ ಕೂತದ್ದು ನೆನಪಿಲ್ಲ, ಪೆನ್ನು ಹಿಡಿದದ್ದು ನೆನಪಿಲ್ಲ. ಆ ವರ್ಷ ಕಾರ್ಡನ್ನೇ ಕಳಿಸಲಿಲ್ಲ ಎಂದು ಇಷ್ಟು ದಿನ ಅವಳು ನಂಬಿಕೊಂಡಿದ್ದಳು. ತಲೆ ಸತ್ತುಹೋಗಿದ್ದಾಗಲೂ ಕೈ ತನ್ನ ರೂಢಿಯ ಕೆಲಸ ಮಾಡಿ ಮುಗಿಸಿತ್ತು. ಅರವತ್ತು ಮನೆಗೆ, ಸತ್ತವನ ಹೆಸರು ಮೊದಲು ಹಾಕಿ. ಅರವತ್ತು ಮನೆಯವರೂ ಓದಿದ್ದರು. ಎರಡೂವರೆ ವರ್ಷದಲ್ಲಿ ಒಬ್ಬರೂ ಅವಳ ಮುಂದೆ ಅದರ ಮಾತೆತ್ತಿರಲಿಲ್ಲ. ಅವಳು ಬ್ರೈಸ್‌ನ ಕಡೆ ನೋಡಿದಳು. ಅವನು ತಲೆ ತಗ್ಗಿಸಿದ. ಅವನಿಗೂ ಒಂದು ಬಂದಿತ್ತು.

"ನಿಮಗೆ ಸ್ವಲ್ಪ ಸಮಯ ಬೇಕಾ?" ಎಂದು ಅಧಿಕಾರಿ ಕೇಳಿದ. ಪೆನ್ಸಿಲ್ ಕೆಳಗಿಟ್ಟಿದ್ದ.

"ಬೇಡ" ಎಂದಳು ಹೆಸ್ಟರ್. "ಬರೆದವಳು ನಾನೇ. ಎಲ್ಲವನ್ನೂ. ಸಂಘದ ಕಾರ್ಯದರ್ಶಿಯಾಗಿ ಬರೆದೆ. ಈಗ ಹೇಳಿದ್ದು ಸುಳ್ಳು. ಅವನು... ಅವನು ಒಂದನ್ನೂ ಬರೆದವನಲ್ಲ."

ಅಲ್ಲಿಗೆ ಮುಗಿಯಿತು. ಎಂಟು ವಾರದ ಮೇಲೆ ತೀರ್ಪಿನ ಕಾಗದ ಬರಬೇಕು, ನಿಯಮ ಹಾಗೆ. ಆದರೆ ಸಾಕ್ಷಿಗಳು ಕುರ್ಚಿ ಮಡಚಿ ಗೋಡೆಗೆ ಒರಗಿಸುವಾಗಲೇ ಎಲ್ಲರಿಗೂ ಕಾಗದದಲ್ಲಿ ಏನಿರುತ್ತದೆಂದು ಗೊತ್ತಿತ್ತು. ಯಾರೂ ಹೆಸ್ಟರಳನ್ನು ಬೈಯಲಿಲ್ಲ. ಒಬ್ಬೊಬ್ಬರಾಗಿ ಬಂದು, ತೋಳು ಮುಟ್ಟಿ, ಒಳ್ಳೆಯ ಪ್ರಯತ್ನ ಮಾಡಿದಿರಿ ಎಂದು ಹೇಳಿ ಹೋದರು. ಒಬ್ಬನಾದರೂ ಬಾಯಿ ತುಂಬ ಬೈದಿದ್ದರೆ ಅವಳಿಗೆ ಅಳುವಾದರೂ ಬರುತ್ತಿತ್ತೇನೋ.

ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ಡಿಲಿಸ್ ಖಾಲಿ ಡಬ್ಬಿ ಹಿಡಿದು ನಿಂತಿದ್ದಳು. ಕಾರ್ಡುಗಳನ್ನು ಅಧಿಕಾರಿ ಲಕೋಟೆಗೆ ಹಾಕಿಕೊಂಡು ರಸೀದಿ ಕೊಟ್ಟಿದ್ದ.

"ಆ ವಕೀಲೆ ಹುಡುಗಿ ಬಂದು ನನಗೆ ಥ್ಯಾಂಕ್ಸ್ ಹೇಳಿದ್ಲು" ಎಂದಳು ಡಿಲಿಸ್. "ತುಂಬಾ ಉಪಕಾರ ಆಯ್ತು ಅಂದ್ಲು. ಅವಳು ಆ ಕಡೆಯವಳಲ್ವಾ? ನನ್ನಿಂದ ಅವಳಿಗೆ ಯಾವ ಉಪಕಾರ?"

ಹೆಸ್ಟರ್ ಬೇಲಿಗೆ ಒರಗಿಸಿದ್ದ ಸೈಕಲ್ಲಿನ ಬೀಗ ತೆಗೆಯುತ್ತಿದ್ದಳು. ಈ ಮುದುಕಿಗೆ ಈಗ ಹೇಳಿಬಿಡಬೇಕು, ನಿಮ್ಮ ಡಬ್ಬಿಯೇ ನಮ್ಮನ್ನು ಮುಗಿಸಿತು ಎಂದು ಮುಖಕ್ಕೆ ಹೇಳಬೇಕು ಎಂದು ಒಂದು ಗಳಿಗೆ ಅನ್ನಿಸಿತು.

"ಕೇಳಿ ಹೋದವರಿಗೆ ಹಕ್ಕಿಲ್ಲ ಡಿಲಿಸ್. ಕಾನೂನು ಹಾಗಿದೆ. ಕಾರ್ಡಲ್ಲಿ ಕೇಳಿದ್ದೆ ನಾನು."

ಡಿಲಿಸ್ ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿದಳು. ಮುಖ ಸುಣ್ಣವಾಯಿತು.

"ಅಂದ್ರೆ ನಾನು ತರ್ದೇ ಇದ್ದಿದ್ರೆ..."

"ನೀವು ತಂದ್ರಿ ಅಷ್ಟೇ. ಬರೆದವಳು ನಾನು."

"ಏನೂ ಬೇಡ ಅಂತ ನೀನು ಹೇಳಿದ್ದೆ ಕಣೇ. ನಾನೇ ಕೇಳ್ಲಿಲ್ಲ." ಡಿಲಿಸ್ ಮುಚ್ಚಳ ಹಾಕಿದಳು. "ಆ ಕಡೇ ಕಾರ್ಡನ್ನ ನಾನು ಕತ್ತರಿಸ್ಲಿಲ್ಲ. ಕತ್ತರಿ ಹಿಡಿದೆ, ಆಗ್ಲಿಲ್ಲ. ಅವನ ಹೆಸರಿತ್ತಲ್ಲ."

ಮುಖ್ಯರಸ್ತೆಯ ಕಡೆಯಿಂದ ಲಾರಿಯೊಂದು ಗೇರು ಬದಲಿಸಿದ ಸದ್ದು ಬಂತು. ಹೆಸ್ಟರಳ ಮನೆ ಗಿರಣಿಯ ಹತ್ತಿರ. ಸಭಾಭವನದ ಮುಂದೆ ದಾರಿ ಎರಡಾಗುತ್ತದೆ. ಎಡಕ್ಕೆ ಸಾಲ್ಟರ್ಸ್ ಓಣಿ, ಬಲಕ್ಕೆ ರಸ್ತೆ. ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ಸೈಕಲ್ ಹತ್ತಿದಳು.

ಡಿಲಿಸ್ ಕಣ್ಣೊರೆಸಿಕೊಂಡಳು. ನಲವತ್ತು ವರ್ಷ ಅಂಗಳದ ಬಾಗಿಲಲ್ಲಿ ನಿಂತು, ಸೈಕಲ್ ಹತ್ತಿದವರಿಗೆಲ್ಲ ಹೇಳಿ ಹೇಳಿ ಸವೆದ ಮಾತು ತಾನಾಗಿಯೇ ಅವಳ ಬಾಯಿಂದ ಬಂತು.

"ಹುಷಾರಾಗಿ ಹೋಗಮ್ಮ. ಗೇಟೊಂದು ಭದ್ರವಾಗಿ ಹಾಕ್ಕೊಂಡು ಹೋಗು."

"ಥ್ಯಾಂಕ್ಸ್ ಡಿಲಿಸ್" ಎಂದಳು ಹೆಸ್ಟರ್. ಅಂದ ಮೇಲೆ ಅಂದದ್ದು ಕಿವಿಗೆ ಬಿತ್ತು. ತಾನು ಹೇಳಿದ್ದು ಆಗ ತಿಳಿದು ಡಿಲಿಸ್ ಕೂಡ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಹೆಸ್ಟರ್ ಸೈಕಲ್ಲನ್ನು ಬಲಕ್ಕೆ ತಿರುಗಿಸಿ, ರಸ್ತೆಯ ಅಂಚು ಹಿಡಿದು, ಗಿರಣಿ ತಿರುವಿನ ಕಡೆಗೆ ಹೊರಟಳು.